ಮುಚ್ಚವ್ರೆ ಕಣವ್ವ

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಮೊದಲು ಹೇಳಿಬಿಟ್ಟರೆ ಬೇರೆಯವರಿಗೆ ಶ್ರಮ ತಪ್ಪುತ್ತದೆ. ಮದ್ದೂರಿನಲ್ಲಿ ಬೆಳಿಗ್ಗೆ ರೈಲು ಹತ್ತುವ ಹೆಂಗಸರ ಬೋಗಿಯಲ್ಲಿ ಸೀಟಿನ ತಕರಾರು ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ಎರಡು ಮಾತಾಡಿದರೆ ಇಲ್ಲದ ಜಾಗ ಹುಟ್ಟಿಕೊಳ್ಳುತ್ತದೆ. ನನ್ನ ಗಂಡ ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಾನೆ. ಇಂಥ ನಾನು ಒಂದು ಸೋಮವಾರ ಇಡೀ ದಿನ, ಆಡಲೇಬೇಕಾದ ಮಾತೊಂದನ್ನು ಆಡದೆ ಉಳಿದೆ. ಆ ಸೋಮವಾರವನ್ನು ಇದುವರೆಗೆ ಮನೆಯಲ್ಲಿ ಯಾರ ಮುಂದೆಯೂ ಪೂರ್ತಿ ಬಿಚ್ಚಿಲ್ಲ.

ಮಂಡ್ಯದಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಭಾರತೀನಗರದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ಗಂಡ ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ ಕಬ್ಬಿನ ಗಾಡಿಗಳ ಸರದಿ ನೋಡಿಕೊಳ್ಳುತ್ತಾನೆ. ನನಗೆ ಸಿಕ್ಕಿದ್ದು ನಗರದ ಕೆಲಸ. ನಗರದ ಹೆಸರು ಬೇಡ. ಮದ್ದೂರಿನಲ್ಲಿ ಬೆಳಿಗ್ಗೆ ರೈಲು ಹತ್ತುವವರಿಗೆ ಇರುವುದು ಒಂದೇ ನಗರ. ಅಲ್ಲಿ ನೆಲದಡಿ ಸುರಂಗ ಕೊರೆದು ಮೆಟ್ರೋ ದಾರಿ ಮಾಡುತ್ತಿದ್ದರು. ಆ ದಾರಿಯಲ್ಲಿ ಓಡುವ ರೈಲಿಗೆ ಡ್ರೈವರ್ ಇರುವುದಿಲ್ಲ, ಎಲ್ಲವನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದು ನಾನು ಮನೆಯಲ್ಲಿ ಜಂಬದಿಂದ ಹೇಳಿದೆ. ಗಂಡ ನಕ್ಕ. ಹಿಂದೆ ಕಬ್ಬಿನ ಗಾಡಿಯವರು ಮೇಲೆ ಗೊರಕೆ ಹೊಡೆಯುತ್ತ ಮಲಗಿದ್ದರೂ ಎತ್ತುಗಳು ತಾವೇ ಕಾರ್ಖಾನೆ ಗೇಟಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದವಂತೆ, ಇದೂ ಹಾಗೇ ಅಂದ. ಅತ್ತೆ ಮೊರದಿಂದ ತಲೆ ಎತ್ತಲಿಲ್ಲ.

"ಎತ್ಗೆ ಕಣ್ಣಿತ್ತು ಕಣ್ಲಾ," ಅಂದರು.

ನನ್ನ ಕೆಲಸ ರೈಲಿನದಲ್ಲ, ಅದರ ನೆತ್ತಿಯ ಮೇಲಿನ ಮನೆಗಳದ್ದು. ಸುರಂಗ ಕೊರೆಯುವವರು ಒಂದು ಸಣ್ಣ ಕಂಪನಿಗೆ ಮನೆಗಳ ಸಮೀಕ್ಷೆ ವಹಿಸಿದ್ದರು, ಅದರಲ್ಲಿ ನಾನು ಗುತ್ತಿಗೆಯ ಮೇಲಿದ್ದೆ. ಮೆಷಿನ್ನು ಬರುವ ಮೊದಲು ಅದರ ದಾರಿಯ ಮೇಲಿರುವ ಒಂದೊಂದು ಮನೆಗೂ ಹೋಗಬೇಕು, ಗೋಡೆಯ ಬಿರುಕುಗಳ ಫೋಟೋ ತೆಗೆಯಬೇಕು, ಮನೆಗೆ ಎಷ್ಟು ವಯಸ್ಸಾಯಿತು ಎಂದು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬಾವಿಯ ವಿಷಯ ಕೇಳಬೇಕು. ಮೆಷಿನ್ನು ಮುಂದಿನ ಮಣ್ಣನ್ನು ಒತ್ತಿ ಹಿಡಿದುಕೊಂಡೇ ಕೊರೆಯುತ್ತದೆ. ಆ ಮಣ್ಣಿನಲ್ಲಿ ಎಲ್ಲಾದರೂ ಟೊಳ್ಳು ಸಿಕ್ಕಿದರೆ ಹಿಡಿತ ತಪ್ಪುತ್ತದೆ. ಸುತ್ತಲಿನ ಮಣ್ಣು ಟೊಳ್ಳಿಗೆ ಇಳಿಯುತ್ತದೆ, ಮೇಲಿರುವುದು ಅದರ ಹಿಂದೆಯೇ ಇಳಿಯುತ್ತದೆ. ಹಳೆಯ ನಗರದಲ್ಲಿ ಪ್ರತಿ ಮನೆಗೂ ಒಂದು ಬಾವಿ ಇದ್ದ ಕಾಲವಿತ್ತು, ಅವು ಯಾವ ನಕ್ಷೆಯಲ್ಲೂ ಇಲ್ಲ.

ಫಾರಮ್ಮಿನಲ್ಲಿ ಬಾವಿಯ ಮುಂದೆ ಮೂರು ಚೌಕ ಇದ್ದವು: ಇದೆ, ಇಲ್ಲ, ಮುಚ್ಚಲಾಗಿದೆ. ನಾನು ಗುರುತು ಹಾಕಿ ಕೊಟ್ಟದ್ದನ್ನು ಆಫೀಸಿನಲ್ಲಿ ಇಂಗ್ಲಿಷಿಗೆ ಇಳಿಸಿಕೊಳ್ಳುತ್ತಿದ್ದರು. ಅಲ್ಲಿ ಮೂರನೆಯ ಚೌಕಕ್ಕೆ ಫಿಲ್ಡ್ ಅಂತ ಇತ್ತು. ಫಿಲ್ಡ್ ಅಂದರೆ ತುಂಬಿದ್ದು, ತಳದಿಂದ ಬಾಯಿಯವರೆಗೆ ಮಣ್ಣು ಹಾಕಿದ್ದು. ಆ ಹಾಳೆಯನ್ನು ನಾನು ನೂರು ಸಲ ಕಣ್ಣಾರೆ ನೋಡಿದ್ದೇನೆ, ಒಂದು ಸಲವೂ ಓದಿರಲಿಲ್ಲ.

ಆಮೇಲೆ ನಾನು ಅಕ್ಕ ಎಂದು ಕರೆಯತೊಡಗಿದವಳ ಮನೆ ಅಂಥ ಒಂದು ಹಳೆಯ ಓಣಿಯಲ್ಲಿತ್ತು. ಬೋರ್ಡಿಲ್ಲದ ಮೆಸ್ಸು, ಮುಂದಿನ ಹಜಾರದಲ್ಲಿ ನಾಲ್ಕು ಬೆಂಚು, ಹಿಂದೆ ಅಡುಗೆಮನೆ. ಬಾಡಿಗೆ ಮನೆ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬೆಳಿಗ್ಗೆ ಎಂಟರಿಂದ ಆಟೋದವರು, ಕಟ್ಟಡದ ಕೆಲಸದವರು ಮುದ್ದೆ ಉಪ್ಸಾರಿಗೆ ಸಾಲು ನಿಲ್ಲುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ಒಸಿ ಒಳಕ್ಕೆ ಬರಬಹುದಾ ಎಂದು ಕೇಳಿದೆ. ನಮ್ಮ ಕಡೆಯ ಆ 'ಒಸಿ' ಕೇಳಿದ್ದೇ ಅವಳ ಕೈಯ ಒನಕೆ ನಿಂತಿತು. ಯಾವೂರು ಎಂದಳು. ನಾನು ದೊಡ್ಡಿ ಕಡೆ ಎಂದೆ, ಭಾರತೀನಗರಕ್ಕೆ ನಮ್ಮ ಜನ ಅನ್ನುವುದು ಹಾಗೆ. ಅವಳದು ಮಳವಳ್ಳಿ. ಅಷ್ಟೇ ಸಾಕಾಯಿತು. ನನ್ನನ್ನು ಎಳೆದು ಕೂರಿಸಿ ಮುದ್ದೆ ಇಕ್ಕಿದಳು. ನಾನು ಬಹುವಚನ ಹಚ್ಚಿದರೆ ಬೈದಳು, ಅದಕ್ಕೇ ಇವತ್ತಿಗೂ ನನ್ನ ಬಾಯಲ್ಲಿ ಅವಳು ಏಕವಚನದ ಅಕ್ಕ.

ಮತ್ತೆ ಒರಳಿನ ಮುಂದೆ ನಿಂತು ಖಾರ ಕುಟ್ಟತೊಡಗಿದಳು. ದುಮ್, ದುಮ್ ಎಂದು ಒನಕೆಯ ಸದ್ದು ನೆಲದೊಳಗೆ ಇಳಿದು ತಿರುಗಿ ಬರುತ್ತಿತ್ತು. ನಮ್ಮ ಮನೆಯ ಹಿತ್ತಲಲ್ಲಿ ಅತ್ತೆ ಕುಟ್ಟುವಾಗ ಕೇಳುವ ಸದ್ದೇ ಅದು. ಊರು ನೆನಪಾಗಿ ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಉಂಡ ಕೈ ತೊಳೆದು ಫಾರಂ ತೆಗೆದು, ಈ ಮನೇಲಿ ಬಾವಿ ಇತ್ತಾ ಎಂದು ಕೇಳಿದೆ.

"ಇತ್ತಂತೆ. ಮುಚ್ಚವ್ರೆ ಕಣವ್ವ. ನಾವ್ ಬರೋಕ್ ಮುಂಚೇನೆ ಮುಚ್ಚವ್ರೆ."

ನಾನು ಮೂರನೆಯ ಚೌಕಕ್ಕೆ ಗುರುತು ಹಾಕಿದೆ. ಬೇರೆ ಮನೆಯಲ್ಲಾಗಿದ್ದರೆ, ಬೇರೆ ಭಾಷೆಯವರಾಗಿದ್ದರೆ, ಹೇಗೆ ಮುಚ್ಚಿದ್ದಾರೆ, ಏನು ಹಾಕಿ ಮುಚ್ಚಿದ್ದಾರೆ, ಎಲ್ಲಿ, ತೋರಿಸಿ ಎಂದು ಪ್ರಾಣ ತಿನ್ನುತ್ತಿದ್ದೆ. ಅಕ್ಕನದು ನಮ್ಮ ಮಾತು. ನಮ್ಮ ಮಾತು ನನಗೆ ಅರ್ಥವಾಗದೆ ಇನ್ನಾರಿಗೆ ಅರ್ಥವಾದೀತು ಎಂಬ ಧಿಮಾಕು. ಅಲ್ಲೇ ಎಡವಿದೆ.

ಆಮೇಲೆ ನಾಲ್ಕಾರು ಸಲ ಅಲ್ಲಿಗೆ ಹೋದೆ, ಕೆಲಸವಿದ್ದು ಒಂದು ಸಲ, ಮುದ್ದೆಯ ಆಸೆಗೆ ಮಿಕ್ಕವು. ಒಮ್ಮೆ ಅವಳ ತಾಯಿ ಮಳವಳ್ಳಿಯಿಂದ ಬಂದು ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನನ್ನು ನೋಡಿ, ಬಡಕಲು ಸೊಸೆಯನ್ನು ನಿಮ್ಮತ್ತೆ ಹೇಗೆ ಒಪ್ಪಿದಳು ಎಂದು ಕೇಳಿದ್ದರು. ಅವರನ್ನು ಕಂಡದ್ದು ಆಗ ಒಂದೇ ಸಲ.

ಆಮೇಲೆ ಆ ಓಣಿಯ ಕಡೆ ಹೋಗುವುದು ನಿಂತಿತು, ತಿಂಗಳುಗಳು ಕಳೆದವು. ಆಫೀಸಿನ ಗೋಡೆಯಲ್ಲಿ ಸುರಂಗದ ದೊಡ್ಡ ನಕ್ಷೆ ಇತ್ತು. ಮೆಷಿನ್ನು ಎಲ್ಲಿದೆ ಎಂದು ತೋರಿಸಲು ಒಂದು ಕೆಂಪು ಪಿನ್ನು ಚುಚ್ಚಿದ್ದರು. ಪ್ರತಿ ಸಂಜೆ ಅದನ್ನು ಕಿತ್ತು ಕೂದಲೆಳೆಯಷ್ಟು ಮುಂದೆ ಚುಚ್ಚುತ್ತಿದ್ದರು. ಪಿನ್ನು ಅಕ್ಕನ ಓಣಿಯ ಬಾಯಿಗೆ ಬಂದ ವಾರ ನನಗೆ ಏನೂ ಅನ್ನಿಸಲಿಲ್ಲ. ಆ ಓಣಿಯ ಎಲ್ಲ ಮನೆಗಳ ಎದುರೂ ಸರಿ ಚಿಹ್ನೆ ಇತ್ತು, ನಾನೇ ಹಾಕಿದ್ದು.

ಆ ಭಾನುವಾರ ಊರಲ್ಲಿ ರಾಗಿ ಒಣಹಾಕುವ ಕೆಲಸ. ಅತ್ತೆ ಹಿತ್ತಲಿನಿಂದ ಕೂಗಿ, ರಾಗಿಯನ್ನು ಮುಚ್ಚಿದ ಬಾವಿ ಮೇಲೆ ಹರವು ಎಂದರು. ನಮ್ಮ ಹಿತ್ತಲ ಬಾವಿ ನಾನು ಮದುವೆಯಾಗಿ ಬರುವುದಕ್ಕೆ ಮೊದಲೇ ಬತ್ತಿತ್ತು. ಅದರ ಬಾಯಿಗೆ ಎರಡು ಕಲ್ಲುಚಪ್ಪಡಿ ಎಳೆದು ಮೇಲೆ ಗಾರೆ ಮಾಡಿದ್ದರು. ನಾವು ಅದರ ಮೇಲೆ ಬಟ್ಟೆ ಒಗೆಯುತ್ತೇವೆ, ಕಾಳು ಒಣಗಿಸುತ್ತೇವೆ, ಅದರ ಒಂದು ಮೂಲೆಗೆ ಒರಳು ಇದೆ. ಗಂಡ ರಾಗಿ ಮೂಟೆಯನ್ನು ಹೆಗಲಿಂದ ಧೊಪ್ಪನೆ ಕೆಡವಿದ.

ದುಮ್ ಎಂದಿತು.

ನಾನು ನಿಂತಲ್ಲೇ ನಿಂತೆ. ಇನ್ನೊಂದು ಸಲ ಹಾಕು ಎಂದೆ. ಗಂಡ ನನ್ನ ಮುಖ ನೋಡಿ, ತಲೆ ಕೆಟ್ಟಿದೆಯಾ ಎಂದು ಗೊಣಗುತ್ತಲೇ ಮೂಟೆ ಎತ್ತಿ ಹಾಕಿದ. ಅದೇ ಸದ್ದು, ಒಳಗೆ ಇಳಿದು ತಿರುಗಿ ಬರುವ ಸದ್ದು. ಅಕ್ಕನ ಅಡುಗೆಮನೆಯಲ್ಲಿ ಕೇಳಿ ಹಸಿವಾಗಿದ್ದ ಸದ್ದು. ಅದು ನನ್ನ ಮನೆಯ ಸದ್ದಾದ್ದರಿಂದಲೇ ಆವತ್ತು ನನ್ನ ಕಿವಿಗೆ ಅದು ಸದ್ದಾಗಿ ಬಿದ್ದಿರಲಿಲ್ಲ.

ಬಾವಿಯನ್ನು ಮಣ್ಣು ಹಾಕಿ ತುಂಬಿಬಿಡಬಹುದಿತ್ತಲ್ಲ, ಯಾಕೆ ಹೀಗೆ ಕಲ್ಲು ಎಳೆದಿರಿ ಎಂದು ಅತ್ತೆಯನ್ನು ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು. ಅವರು ರಾಗಿಯಲ್ಲಿ ಬೆರಳಾಡಿಸುತ್ತ ನಿಧಾನವಾಗಿ ಹೇಳಿದರು.

"ಊತಾಕದು ಎಣಾನ ಕಣಮ್ಮಿ. ಬಾವಿನ ಯಾರಾರ ಊತಾಕ್ತಾರಾ? ಮುಚ್ತಾರೆ. ಮುಚ್ಚಿದ್ರೆ ವಳಗೆ ಗಂಗವ್ವ ಇದ್ದೇ ಇರ್ತಳೆ. ಒಂದಿನ ಬೇಕಂದ್ರೆ ಕಲ್ ಸರಿಸ್ಬೋದು."

ಅಪ್ಪಿತಪ್ಪಿ ಯಾರಾದರೂ ಮಣ್ಣು ತುಂಬಿಸಿದ್ದರೂ ನಮ್ಮ ಕಡೆ ಅದನ್ನು 'ಮುಚ್ಚವ್ರೆ' ಎಂದೇ ಹೇಳುತ್ತಾರೆ, ಏಕೆಂದರೆ ಹೆಣಕ್ಕೆ ಆಡುವ ಹೂತಿದ್ದಾರೆ ಎನ್ನುವ ಮಾತನ್ನು ಬಾವಿಗೆ ಆಡಬಾರದು. ಹಾಗಾಗಿ ಅಕ್ಕನ ಮಾತಿಗೆ ಎರಡು ಅರ್ಥ ಇತ್ತು. ತುಂಬಿರಲೂಬಹುದು. ಆ 'ಬಹುದು' ಹಿಡಿದುಕೊಂಡೇ ನಾನು ಭಾನುವಾರ ಕಳೆದೆ.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ಮೊದಲು ನಕ್ಷೆ ನೋಡಿದೆ. ಕೆಂಪು ಪಿನ್ನಿಗೂ ಅಕ್ಕನ ಮನೆಗೂ ನಡುವೆ ಮೂರು ಮನೆ. ದೊಡ್ಡ ಇಂಜಿನಿಯರ ಕೋಣೆಗೆ ಹೋದೆ. ಅವರು ಬೇರೆ ರಾಜ್ಯದವರು, ಆಫೀಸಿನಲ್ಲಿ ಕಲಿತ ಕನ್ನಡ ಚೊಕ್ಕವಾಗಿ ಆಡುತ್ತಿದ್ದರು. ಹಿಂದಿನ ತಿಂಗಳಷ್ಟೇ ನಮ್ಮವನೊಬ್ಬ ಒಂದು ಗೋಡೆಯ ಫೋಟೋವನ್ನು ಇನ್ನೊಂದು ಮನೆಯ ಫಾರಮ್ಮಿಗೆ ಅಂಟಿಸಿದ್ದಕ್ಕೆ ಮಧ್ಯಾಹ್ನದೊಳಗೆ ಮನೆಗೆ ಕಳಿಸಿದ್ದರು. ಏನಮ್ಮ ಎಂದರು. ನಾನು ಬಾಯಿ ತೆರೆದೆ. ಸರ್, ಖಾಲಿ ಫಾರಂ ಮುಗಿದಿವೆ ಎಂದೆ. ಸ್ಟೋರಿನಲ್ಲಿ ಕೇಳಿ ಎಂದು ಹೇಳಿ ಅವರು ಕಂಪ್ಯೂಟರ್ ಕಡೆ ತಿರುಗಿದರು.

ಕೆಲಸ ಹೋಗುತ್ತದೆ ಎಂಬ ಭಯ ಇತ್ತು, ಸುಳ್ಳಾಡುವುದಿಲ್ಲ. ಅದಕ್ಕಿಂತ ದೊಡ್ಡದಾಗಿ ನಾಚಿಕೆ ಇತ್ತು. ಇಡೀ ಆಫೀಸಿನಲ್ಲಿ ಬಾವಿ ಎಂದರೇನು ಎಂದು ಬಲ್ಲವಳು ನಾನೊಬ್ಬಳೇ ಎಂದು ಮೆರೆದಿದ್ದೆ. ಆ ಜಂಬದ ಮುಖ ಇಟ್ಟುಕೊಂಡು, ನನ್ನ ಭಾಷೆಯ ಒಂದು ಮಾತು ನನಗೇ ಗೊತ್ತಾಗಲಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಮೊದಲು ಹೋಗಿ ನೋಡೋಣ, ತುಂಬಿದ್ದರೆ ಸುಮ್ಮನೆ ಗಾಬರಿ ಯಾಕೆ ಎಂದು ನನಗೆ ನಾನೇ ಹೇಳಿಕೊಂಡು ಓಣಿಯ ಕಡೆ ನಡೆದೆ.

ಊಟದ ಗದ್ದಲ ಆಗಷ್ಟೇ ಮುಗಿದಿತ್ತು. ಅಕ್ಕ ಪಾತ್ರೆ ಬಳಿಯುತ್ತಿದ್ದಳು. ನಾನು ನೇರ ಅಡುಗೆಮನೆಗೆ ಹೋಗಿ ಒರಳಿನ ಪಕ್ಕ ನಿಂತು ಹಿಮ್ಮಡಿಯಿಂದ ನೆಲ ಗುದ್ದಿದೆ. ದುಮ್. ಒಲೆಯ ಬಳಿ ಗುದ್ದಿದೆ. ಅಲ್ಲೂ ಅದೇ. ಕೆಂಪು ಗಾರೆಯ ನೆಲದಲ್ಲಿ, ಒಲೆ ಮತ್ತು ಒರಳು ಎರಡನ್ನೂ ಒಳಗಿಟ್ಟುಕೊಂಡು ಒಂದು ದುಂಡನೆಯ ಗೆರೆ ತೆಳ್ಳಗೆ ಕಾಣುತ್ತಿತ್ತು. ಅವಳು ದಿನಕ್ಕೆ ಹತ್ತು ಗಂಟೆ ನಿಲ್ಲುತ್ತಿದ್ದುದು ಬಾವಿಯ ಬಾಯಿಯ ಮೇಲೆ.

ಗೆರೆಯ ಒಂದು ಕಡೆ ಸಣ್ಣ ತೂತಿಗೆ ಬಟ್ಟೆ ತುರುಕಿತ್ತು. ಅದೇನು ಎಂದೆ. ಅಲ್ಲಿಂದ ತಣ್ಣನೆ ಗಾಳಿ ಬರುತ್ತಿತ್ತಂತೆ, ಒಲೆ ಕೆಡುತ್ತದೆ ಎಂದು ಬಟ್ಟೆ ತುರುಕಿದ್ದಳಂತೆ. ಎರಡು ದಿನದಿಂದ ಗಾಳಿಯ ಜೊತೆ ಸೋಪಿನ ವಾಸನೆಯೂ ಬರುತ್ತಿದೆ, ಪಕ್ಕದ ಮನೆಯ ಬಚ್ಚಲಿನದಿರಬೇಕು ಎಂದಳು.

ಮೆಷಿನ್ನು ಕೊರೆಯುವಾಗ ಮಣ್ಣು ಮೆತ್ತಗಾಗಲಿ ಎಂದು ಮುಂದಕ್ಕೆ ನೊರೆ ಚಿಮ್ಮಿಸುತ್ತದೆ. ಆ ನೊರೆಯ ವಾಸನೆ ನನಗೆ ಗೊತ್ತು, ಸುರಂಗಕ್ಕೆ ಇಳಿದು ಬಂದವರ ಬಟ್ಟೆಯಲ್ಲೆಲ್ಲ ಅದೇ ಇರುತ್ತದೆ. ಬಗ್ಗಿ ಬಟ್ಟೆ ಕಿತ್ತು ಮೂಸಿದೆ. ಮೂರು ಮನೆ ಆಚೆ ಇರುವುದು ಆಗಲೇ ಇಲ್ಲಿ ಉಸಿರಾಡುತ್ತಿತ್ತು.

ಆಗಲಾದರೂ ಹೇಳಬೇಕಿತ್ತು. ಅಕ್ಕ, ನಾನು ತಪ್ಪು ಬರೆದಿದ್ದೇನೆ, ನಿನ್ನ ಕಾಲಡಿ ಟೊಳ್ಳಿದೆ, ಈಗಲೇ ಹೊರಡು ಎನ್ನಬೇಕಿತ್ತು. ಆಫೀಸಿಗೆ ಫೋನ್ ಮಾಡಬೇಕಿತ್ತು. ಅದರ ಬದಲು ನನ್ನ ಬಾಯಿಂದ ಹೊರಟಿದ್ದು ಇದು: ನೆನ್ನೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮವ್ವನನ್ನು ಕಂಡೆ, ಗೋಡೆಗೆ ಒರಗಿ ಕೂತಿದ್ದರು, ಮುಖ ಬಾಡಿತ್ತು, ಸರಿ ಕಾಣಲಿಲ್ಲ, ನೀನು ಇವತ್ತೇ ಹೋಗಿ ನಾಲ್ಕು ದಿನ ಇದ್ದು ಬಾ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳೋ ತಿಳಿಯದು. ನಾನು ನೆಲ ನೋಡುತ್ತಿದ್ದೆ.

"ಅಂಗಾ," ಎಂದಳು. ಸೆರಗಿಗೆ ಕೈ ಒರೆಸಿ ಒಲೆ ಆರಿಸಿದಳು. ಇನ್ನೇನೂ ಕೇಳಲಿಲ್ಲ. ಸಂಜೆಯ ಮಳವಳ್ಳಿ ಬಸ್ಸಿಗೆ ನಾನೇ ಹತ್ತಿಸಿದೆ. ಕೈಯಲ್ಲಿ ಒಂದು ಬ್ಯಾಗು, ಇನ್ನೊಂದು ಕೈಯಲ್ಲಿ ಉಪ್ಸಾರು ಖಾರದ ಒನಕೆ. ಒನಕೆ ಯಾಕಕ್ಕ ಎಂದೆ. ಇರಲಿ ಎಂದಳು.

ನಾಳೆ ಬೆಳಿಗ್ಗೆ ಹೋದ ಕೂಡಲೇ ಇಂಜಿನಿಯರಿಗೆ ಹೇಳಿಬಿಡುವುದು ಎಂದು ನಿಶ್ಚಯಿಸಿದೆ. ಮನೆಯಲ್ಲಿ ಯಾರೂ ಇಲ್ಲವಲ್ಲ, ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ.

ಮಂಗಳವಾರ ರೈಲು ಚನ್ನಪಟ್ಟಣ ದಾಟಿತ್ತು, ಫೋನ್ ಬಂತು. ಆಫೀಸಿನ ಹುಡುಗಿ. ಓಣಿಯಲ್ಲಿ ನೆಲ ಕುಸಿದಿದೆ, ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದಾರೆ, ಒಂದು ಅಡುಗೆಮನೆ ಪೂರ್ತಿ ಹೋಗಿದೆ ಎಂದಳು. ಯಾವ ಮನೆ ಎಂದು ನಾನು ಕೇಳಲಿಲ್ಲ. ಎದುರಿನ ಸೀಟಿನವಳು ನನ್ನನ್ನು ನೋಡಿ ನೀರಿನ ಬಾಟಲಿ ಚಾಚಿದಳು.

ನಾನು ಹೋಗುವ ಹೊತ್ತಿಗೆ ಹಗ್ಗ ಕಟ್ಟಿದ್ದರು. ಹಜಾರದ ಬೆಂಚುಗಳು ಹಾಗೇ ಇದ್ದವು. ಅಡುಗೆಮನೆಯ ಗೋಡೆಗಳೂ ನಿಂತಿದ್ದವು. ನೆಲ ಮಾತ್ರ ಇರಲಿಲ್ಲ. ಒಲೆ ಒರಳು ಎರಡೂ ಇರಲಿಲ್ಲ. ಗ್ಯಾಸಿನ ಕೊಳವೆಯೊಂದು ತೂತಿನ ಅಂಚಿನಲ್ಲಿ ನೇತಾಡುತ್ತಿತ್ತು, ಕೆಳಗೆ ಬಿಳಿ ನೊರೆ ತುಂಬಿ ಮೆಲ್ಲಗೆ ಗುಳುಗುಳು ಎನ್ನುತ್ತಿತ್ತು. ಎಂಟು ಗಂಟೆಗೆ ಹತ್ತು ನಿಮಿಷ ಇದ್ದಾಗ ಆದದ್ದಂತೆ. ದಿನವೂ ಅವಳು ಮೊದಲ ಮುದ್ದೆ ತೊಳಸುವ ಹೊತ್ತು ಅದು.

ಯಾರಿಗೂ ಏನೂ ಆಗಿರಲಿಲ್ಲ. ಮನೆಯಲ್ಲಿ ಇರುವವಳು ಊರಿಗೆ ಹೋಗಿದ್ದು ಪುಣ್ಯ ಎಂದು ನೆರೆಯವರು ಅನ್ನುತ್ತಿದ್ದರು. ಮಧ್ಯಾಹ್ನ ಇಂಜಿನಿಯರು ನನ್ನನ್ನು ಕರೆಸಿದರು. ಅವರ ಮುಂದೆ ನನ್ನ ಫಾರಂ ಇತ್ತು. ಕೋಪ ಮಾಡಿಕೊಂಡಿರಲಿಲ್ಲ, ಅದೇ ಹೆಚ್ಚು ಹೆದರಿಕೆ ತಂದಿತು. ಆ ಹೆಂಗಸು ಏನು ಹೇಳಿದರು, ಅವರ ಬಾಯಿಂದ ಬಂದ ಶಬ್ದವನ್ನೇ ಹೇಳಿ ಎಂದರು.

"ಮುಚ್ಚಿದ್ದಾರೆ ಅಂದರು, ಸರ್."

"ಮುಚ್ಚಿದ್ದಾರೆ ಅಂದರೆ ಫಿಲ್ಡ್ ತಾನೆ?"

ನಾನು ಹೌದೆಂದು ತಲೆ ಆಡಿಸಿದೆ. ಅಷ್ಟೇ. ಸುಳ್ಳು ಎಂದರೆ ಸುಳ್ಳಲ್ಲ, ಆದರೆ ನನ್ನ ಜೀವಮಾನದಲ್ಲಿ ಅಂಥ ಸುಳ್ಳನ್ನು ನಾನು ಬೇರೆ ಆಡಿಲ್ಲ. ಅವರು ಏನೋ ಬರೆದುಕೊಂಡರು. ವರದಿಯಲ್ಲಿ, ಮನೆಯ ನಿವಾಸಿ ತಪ್ಪು ಮಾಹಿತಿ ಕೊಟ್ಟಿದ್ದರಿಂದ ಹೀಗಾಯಿತು ಎಂದು ಬಂತು. ಮನೆಯ ಯಜಮಾನ ಅದನ್ನು ಹಿಡಿದುಕೊಂಡು, ನಿನ್ನ ಬಾಯಿಂದಲೇ ನನ್ನ ಮನೆ ಹೋಯಿತು ಎಂದು ಅಕ್ಕನ ಪಾತ್ರೆಗಳನ್ನು ಹೊರಗಿಡಿಸಿ ಬೀಗ ಹಾಕಿದ. ಅವಳ ಹೇಳಿಕೆ ಪಡೆಯಲು ಇಬ್ಬರು ಅಧಿಕಾರಿಗಳು ಮಳವಳ್ಳಿಗೂ ಹೋಗಿಬಂದರು. ಹೌದು, ನಾನೇ ಮುಚ್ಚವ್ರೆ ಅಂದೆ ಎಂದು ಒಪ್ಪಿ ಸಹಿ ಹಾಕಿದಳಂತೆ. ನನ್ನ ವಿಷಯ ಕೇಳಿದರೆ, ಆ ಹುಡುಗಿ ಒಳ್ಳೆಯವಳು ಎಂದಷ್ಟೇ ಅಂದಳಂತೆ.

ತೂತಿಗೆ ಕಾಂಕ್ರೀಟು ಸುರಿದರು. ಪಿನ್ನು ಮುಂದೆ ಹೋಯಿತು. ಮುಂದಿನ ತಿಂಗಳು ಹೊಸ ಫಾರಮ್ಮು ಬಂತು. ಅದರಲ್ಲಿ ಮೂರರ ಬದಲು ನಾಲ್ಕು ಚೌಕ: ಮಣ್ಣು ತುಂಬಿ ಮುಚ್ಚಲಾಗಿದೆ, ಕಲ್ಲು ಹಾಸಿ ಮುಚ್ಚಲಾಗಿದೆ ಎಂದು ಬೇರೆ ಬೇರೆ. ತಿದ್ದಿದವರು ಯಾರು, ಯಾಕೆ ಎಂದು ಯಾರೂ ಹೇಳಲಿಲ್ಲ. ನಾನು ಮಾತ್ರ ಆ ಹಾಳೆ ಬಂದ ಮೇಲೆ ಇಂಜಿನಿಯರ ಕೋಣೆಯ ಕಡೆ ನೋಡುವುದನ್ನು ಬಿಟ್ಟೆ. ಮೊದಲಿನ ಫಾರಮ್ಮುಗಳನ್ನು ಹುಡುಕಿ, ಮೂರನೆಯ ಚೌಕಕ್ಕೆ ಗುರುತು ಹಾಕಿದ ಮನೆಗಳನ್ನೆಲ್ಲ ನೋಡಿದೆ. ಆ ಎಲ್ಲ ಮನೆಗಳ ಕೆಳಗೆ ಮೆಷಿನ್ನು ಆಗಲೇ ದಾಟಿಹೋಗಿತ್ತು. ಅವು ನಿಂತಿದ್ದವು. ಇವತ್ತಿಗೂ ನಿಂತಿವೆ.

ಮಳವಳ್ಳಿಗೆ ಹೋಗಲು ನನಗೆ ಮೂರು ತಿಂಗಳು ಬೇಕಾಯಿತು. ನಮ್ಮೂರ ಮುಂದೆಯೇ ಹಾದುಹೋಗುವ ಬಸ್ಸು ಅದು. ಎಷ್ಟೋ ಸಲ ಕೈ ತೋರಿಸಿ, ಅದು ನಿಂತ ಮೇಲೆ ಹತ್ತದೆ ಕಂಡಕ್ಟರನಿಂದ ಬೈಸಿಕೊಂಡಿದ್ದೇನೆ. ಕೊನೆಗೆ ಹೋದೆ. ಅಕ್ಕ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೀಟಿನ ಕೆಳಗೆ ಎರಡು ಬೆಂಚು ಹಾಕಿಕೊಂಡಿದ್ದಳು. ನನ್ನನ್ನು ಕಂಡು ನಕ್ಕಳು, ಮನೆಗೆ ಕರೆದುಕೊಂಡು ಹೋಗಿ ಮುದ್ದೆ ಇಕ್ಕಿದಳು. ಅವತ್ತು ನೀನು ಬಂದು ಹೇಳದೆ ಇದ್ದಿದ್ದರೆ ನಾನು ಬಾವಿಯಲ್ಲಿರುತ್ತಿದ್ದೆ ಎಂದಳು. ನಾನು ತುತ್ತು ನುಂಗಲಾರದೆ ಸಾರು ಕುಡಿದೆ.

ಒಳಗಿನ ಕೋಣೆಯಲ್ಲಿ ಅವಳ ತಾಯಿ ಮಂಚದ ಮೇಲೆ ಮಲಗಿದ್ದರು. ಮೊಣಕಾಲುಗಳ ನಡುವೆ ದಿಂಬು, ಮಂಚದಡಿ ಮೂತ್ರದ ಪಾತ್ರೆ. ಮಲಗಿ ಮಲಗಿ ಬೆನ್ನು ಹುಣ್ಣಾದವರ ನರಳಾಟ. ಯಾವಾಗಿನಿಂದ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಬಸ್ಸು ತಪ್ಪಿಹೋಗುತ್ತದೆ ಎಂದು ಎದ್ದುಬಂದೆ.

ಸುರಂಗ ಮುಗಿಯಿತು, ಹಳಿ ಬಂತು, ರೈಲು ಬಂತು. ಸಮೀಕ್ಷೆಯ ಕೆಲಸ ಮುಗಿದ ಮೇಲೆ ನನ್ನನ್ನು ರೈಲಿನ ಕಡೆಗೆ ತೆಗೆದುಕೊಂಡರು. ಡ್ರೈವರ್ ಇಲ್ಲದ ರೈಲಿನಲ್ಲಿ ಜನ ಹೆದರದಿರಲಿ ಎಂದು ಶುರುವಿನ ತಿಂಗಳುಗಳಲ್ಲಿ ಸಮವಸ್ತ್ರದವರೊಬ್ಬರನ್ನು ಮುಂದೆ ನಿಲ್ಲಿಸುತ್ತಾರೆ. ಆ ಒಬ್ಬಳು ನಾನು. ಮುಂದಿನ ಗಾಜಿನ ಹತ್ತಿರ, ಡ್ರೈವರ್ ಕೂರಬೇಕಾಗಿದ್ದ ಜಾಗದಲ್ಲಿ ನಿಲ್ಲುತ್ತೇನೆ. ಓಡಿಸುವ ಗುಂಡಿಗಳೆಲ್ಲ ಒಂದು ಮುಚ್ಚಳದ ಕೆಳಗಿವೆ. ಅದರ ಬೀಗದ ಕೈ ನನ್ನ ಸೊಂಟದಲ್ಲಿದೆ, ಆದರೆ ಮೇಲಿನಿಂದ ಆಜ್ಞೆ ಬರದೆ ಮುಚ್ಚಳ ಎತ್ತುವ ಹಾಗಿಲ್ಲ. ರೈಲು ತಾನೇ ಹೊರಡುತ್ತದೆ, ತಾನೇ ನಿಲ್ಲುತ್ತದೆ. ನನ್ನ ಕೆಲಸ ನೋಡುತ್ತಿರುವುದು. ಸುರಂಗದ ಗೋಡೆ ಕಾಂಕ್ರೀಟಿನ ಉಂಗುರಗಳನ್ನು ಸಾಲಾಗಿ ಜೋಡಿಸಿ ಮಾಡಿದ್ದು, ಉಂಗುರಕ್ಕೊಂದು ಅಂಕಿ ಬರೆದಿದ್ದಾರೆ. ಅಕ್ಕನ ಒಲೆಯ ಕೆಳಗಿನ ಉಂಗುರ ಯಾವುದು ಎಂದು ನನಗೆ ಗೊತ್ತು, ದಿನಕ್ಕೆ ಹದಿನಾರು ಸಲ ಅದರೊಳಗೆ ಹಾಯುತ್ತೇನೆ. ಪ್ರತಿ ಸಲವೂ ಆ ಜಾಗ ಬರುವ ಮೊದಲು ನನ್ನ ಕೈ ಮುಚ್ಚಳದ ಮೇಲೆ ಹೋಗುತ್ತದೆ.

ಹೋದ ತಿಂಗಳು ಅಕ್ಕ ಫೋನ್ ಮಾಡಿ, ನಿನ್ನ ರೈಲು ನೋಡಬೇಕು ಎಂದಳು. ಮಳವಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಳು. ಹೊಸ ಸೀರೆ, ತಲೆಗೆ ಹೂವು. ನಾನು ಅವಳನ್ನು ಮುಂದೆ ಗಾಜಿನ ಬಳಿ ನಿಲ್ಲಿಸಿಕೊಂಡೆ. ಬಾಗಿಲು ಹಾಕಿಕೊಂಡು ರೈಲು ಕತ್ತಲೊಳಕ್ಕೆ ಹೊರಟಿತು. ಅವಳು ಅತ್ತಿತ್ತ ನೋಡಿದಳು. ಓಡಿಸುವವರು ಎಲ್ಲಿ ಎಂದು ಕೇಳಿದಳು.

"ಯಾರೂ ಇಲ್ಲ ಕಣಕ್ಕ. ಅದ್ರ ಪಾಡ್ಗೆ ಅದೇ ಓಯ್ತದೆ."

"ಅಂಗಾರೆ ತೆಪ್ಪಾದ್ರೆ ಯಾರ್ನ ಕೇಳದು?"

ಎದುರಿನ ದೀಪಗಳು ಒಂದೊಂದಾಗಿ ನಮ್ಮ ಕಡೆ ಬಂದು ತಲೆಯ ಮೇಲಿಂದ ಹಿಂದೆ ಹೋಗುತ್ತಿದ್ದವು. ಅವಳು ಗಾಜಿಗೆ ಅಂಗೈ ಒತ್ತಿ, ನನ್ನ ಒಲೆ ಎಲ್ಲಿ ಬರುತ್ತದೆ ತೋರಿಸು ಎಂದಳು. ನಾನು ಅಂಕಿಗಳನ್ನು ಓದುತ್ತ ಬಂದು, ಆ ಉಂಗುರ ಹತ್ತಿರವಾದಾಗ ಬೆರಳು ಎತ್ತಿದೆ. ಅವಳು ತಲೆ ಎತ್ತಿ ನೋಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹಿಂದೆ ಹೋಯಿತು. ಅವಳು ಇನ್ನೂ ಮೇಲೆಯೇ ನೋಡುತ್ತಿದ್ದಳು.

ಆಮೇಲೆ ನನ್ನ ಕಡೆ ತಿರುಗದೆ, ಹಿಂದಿರುವವರಿಗೆ ಕೇಳದ ಹಾಗೆ ಮೆಲ್ಲನೆ ಹೇಳಿದಳು.

"ನಮ್ಮವ್ವ ಅವತ್ಗೆ ಸೊಂಟ ಮುರ್ಕಂಡು ಮಲ್ಗಿ ಆಗ್ಲೇ ಆರ್ ತಿಂಗ್ಳಾಗಿತ್ತು ಕಣವ್ವ. ಮದ್ದೂರ್ ಬಸ್ಟಾಂಡ್ಗೆ ಎಂಗ್ ಬಂದಾಳು? ನಾನು ನಿನ್ ಮಾತ್ ಕೇಳಿ ಓಗ್ಲಿಲ್ಲ. ನಿನ್ ಮಕ ನೋಡಿ ಓದೆ."

ಅಕ್ಕ, ನಾನು, ಎಂದು ಶುರು ಮಾಡಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ಒನಕೆ ಹಿಡಿದು ಒರಟಾದ ಕೈ, ಬಿಗಿಯಾಗಿ ಹಿಡಿದಳು. ಸಿಟ್ಟೋ ಪ್ರೀತಿಯೋ ತಿಳಿಯಲಿಲ್ಲ. ಅಧಿಕಾರಿಗಳು ಬಂದು ಕೇಳಿದಾಗ ಯಾಕೆ ಎಲ್ಲವನ್ನೂ ಹೇಳಲಿಲ್ಲ ಎಂದು ಕೊನೆಗೂ ಕೇಳಿದೆ.

"ಮುಚ್ಚಿವ್ನಿ ಕಣವ್ವ," ಎಂದಳು. "ಊತಾಕಿಲ್ಲ."

ರೈಲು ತನ್ನ ಪಾಡಿಗೆ ನಿಧಾನವಾಗಿ ಸ್ಟೇಷನ್ನಿನಲ್ಲಿ ನಿಂತಿತು. ಬಾಗಿಲು ತೆರೆಯಿತು. ಅಕ್ಕ ನನ್ನ ಕೈ ಬಿಟ್ಟು ಇಳಿದಳು, ತಿರುಗಿ ನೋಡದೆ ಮೆಟ್ಟಿಲ ಕಡೆ ನಡೆದಳು. ನನ್ನ ಡ್ಯೂಟಿ ಇನ್ನೂ ಮುಗಿದಿರಲಿಲ್ಲ, ನಾನು ಇಳಿಯುವ ಹಾಗಿರಲಿಲ್ಲ. ಬಾಗಿಲು ಮುಚ್ಚಿತು.